ಮನೆಯಲ್ಲೇ ಗಾಯನ ಧ್ವನಿಮುದ್ರಣ: ಲೋ-ಕಟ್ ಫಿಲ್ಟರ್ ಬಳಸುವುದು ಹೇಗೆ?

ಕಂಪ್ಯೂಟರ್, ಆಡಿಯೋ ಇಂಟರ್‌ಫೇಸ್ ಹಾಗೂ ಒಂದು ಮೈಕ್ ಇದ್ದರೆ ಮನೆಯ ಕೋಣೆಯೇ ಸ್ಟುಡಿಯೋ ಆಗಬಲ್ಲ ಕಾಲವಿದು. ಆದರೆ ಹಾಡಿ ಮುಗಿಸಿ ಹೆಡ್‌ಫೋನ್‌ನಲ್ಲಿ ಆಲಿಸಿದಾಗ, ಹಾಡಿನ ತಳದಲ್ಲಿ ‘ಗುಂಯ್’ ಎಂಬ ಸದ್ದು ಕೇಳಿ ನಿರಾಶರಾಗುವವರುಂಟು. ರಸ್ತೆಯ ಲಾರಿ, ಫ್ಯಾನ್, ಫ್ರಿಜ್, ಮಹಡಿಯ ಮೇಲಿನ ಹೆಜ್ಜೆ ಸಪ್ಪಳ – ಹಾಡುವಾಗ ನಮ್ಮ ಕಿವಿ ಅಲಕ್ಷಿಸುವ ಇವೆಲ್ಲವನ್ನೂ ಮೈಕ್ ದಾಖಲಿಸುತ್ತದೆ. ಇದಕ್ಕಿರುವ ಸರಳ ಪರಿಹಾರವೇ ಲೋ-ಕಟ್ ಫಿಲ್ಟರ್.

ಏನಿದು ಲೋ-ಕಟ್?

ನಿಗದಿತ ಕಂಪನಾಂಕಕ್ಕಿಂತ ಕೆಳಗಿನ ಶಬ್ದವನ್ನು ತಗ್ಗಿಸಿ, ಮೇಲಿನದನ್ನು ಹಾಗೆಯೇ ಬಿಡುವ ವ್ಯವಸ್ಥೆ ಇದು. ಹೈ-ಪಾಸ್ ಎಂಬುದೂ ಇದರದೇ ಹೆಸರು. ಮಾತನಾಡುವಾಗ ಪುರುಷರ ಧ್ವನಿಯ ಮೂಲ ಕಂಪನಾಂಕ ಸುಮಾರು 85ರಿಂದ 180 ಹರ್ಟ್ಸ್, ಮಹಿಳೆಯರದು 165ರಿಂದ 255 ಹರ್ಟ್ಸ್. ಆದ್ದರಿಂದಲೇ ಅನೇಕ ಮೈಕ್ ಹಾಗೂ ಮಿಕ್ಸರ್‌ಗಳಲ್ಲಿ 80 ಹರ್ಟ್ಸ್ ಆಸುಪಾಸಿನ ಸ್ವಿಚ್ ಇರುತ್ತದೆ. ಇದು ಗೋಡೆಯಲ್ಲ, ಇಳಿಜಾರು. ಆಕ್ಟೇವ್‌ಗೆ 12 ಡೆಸಿಬೆಲ್ ಇಳಿಜಾರಿನ ಫಿಲ್ಟರನ್ನು 80 ಹರ್ಟ್ಸ್‌ಗೆ ಇಟ್ಟರೆ, 40 ಹರ್ಟ್ಸ್‌ನ ಸದ್ದು ಸುಮಾರು 12 ಡೆಸಿಬೆಲ್‌ನಷ್ಟು ತಗ್ಗುತ್ತದೆ.

ಶ್ರುತಿ ನೋಡಿ ಕತ್ತರಿಸಿ

ಶಾಸ್ತ್ರೀಯ ಗಾಯಕರು ಇಲ್ಲಿ ಎಚ್ಚರ ವಹಿಸಬೇಕು. ‘ಸಿ’ ಶ್ರುತಿಯ ಗಾಯಕರ ಮಧ್ಯ ಷಡ್ಜ ಸುಮಾರು 131 ಹರ್ಟ್ಸ್, ಮಂದ್ರ ಪಂಚಮ 98, ಮಂದ್ರ ಷಡ್ಜ 65. ಮಂದ್ರ ಷಡ್ಜದವರೆಗೆ ಇಳಿಯುವವರು 80 ಹರ್ಟ್ಸ್‌ಗೆ ಕತ್ತರಿಸಿದರೆ ಆ ಸ್ವರದ ಗಾಂಭೀರ್ಯವೇ ಕುಂದುತ್ತದೆ. ‘ಜಿ’ ಶ್ರುತಿಯ ಗಾಯಕಿಯರ ಮಂದ್ರ ಪಂಚಮ 147 ಹರ್ಟ್ಸ್ ಆಗಿರುವುದರಿಂದ, ಅದಕ್ಕಿಂತ ಕೆಳಗೆ ಹಾಡದಿದ್ದರೆ 100 ಹರ್ಟ್ಸ್‌ವರೆಗೂ ಏರಿಸಲು ಅವಕಾಶವಿದೆ. ತಂಬೂರಿಯನ್ನು ಪ್ರತ್ಯೇಕವಾಗಿ ಮುದ್ರಿಸಿದ್ದರೆ ಇದೇ ಅಳತೆಯನ್ನು ಅದಕ್ಕೆ ಅನ್ವಯಿಸಬಾರದು.

ಮೈಕ್‌ನಲ್ಲೋ, ಸಾಫ್ಟ್‌ವೇರ್‌ನಲ್ಲೋ?

ಮುದ್ರಣದ ವೇಳೆ ಮೈಕ್‌ನಲ್ಲೇ ಕತ್ತರಿಸಿದ ಭಾಗವನ್ನು ಮೊದಲಿನಂತೆ ಮರಳಿ ಪಡೆಯುವುದು ಕಷ್ಟ. ಉಚಿತವಾಗಿ ದೊರೆಯುವ ಆಡಾಸಿಟಿಯಂತಹ ತಂತ್ರಾಂಶದಲ್ಲಾದರೆ ಕಂಪನಾಂಕ, ಇಳಿಜಾರು ಎರಡನ್ನೂ ಬದಲಿಸಿ ನೋಡಬಹುದು. ಆದರೆ ಕಂಪನದ ಸದ್ದು ಜೋರಾಗಿ ಮಟ್ಟ ಮೀರಿ ಧ್ವನಿಯೇ ಒಡೆಯುವಂತಿದ್ದರೆ, ಆ ದೋಷವನ್ನು ಬಳಿಕ ಫಿಲ್ಟರ್ ಸರಿಪಡಿಸದು. ಅಂತಹ ಸಂದರ್ಭದಲ್ಲಿ ಮೈಕ್‌ನ ಸ್ವಿಚ್ ಬಳಸುವುದೇ ಸೂಕ್ತ.

ಹಾಡಿನ ಅತಿ ಕೆಳಗಿನ ಸ್ವರದ ಸಾಲನ್ನು ನುಡಿಸುತ್ತಾ ಫಿಲ್ಟರನ್ನು 40 ಹರ್ಟ್ಸ್‌ನಿಂದ ನಿಧಾನವಾಗಿ ಏರಿಸಿ. ಧ್ವನಿ ತೆಳುವಾದಂತೆ ತೋರಿದೊಡನೆ ಸ್ವಲ್ಪ ಹಿಂದೆ ಸರಿಯಿರಿ.

ಮಿತಿಗಳೂ ಇವೆ

ನಮ್ಮ ವಿದ್ಯುತ್ ಪೂರೈಕೆಯ 50 ಹರ್ಟ್ಸ್ ಗುಂಯ್‌ಗುಡುವಿಕೆ ತಗ್ಗಿದರೂ, ಅದರ 100, 150 ಹರ್ಟ್ಸ್‌ನ ಅಂಶಗಳು ಉಳಿಯುತ್ತವೆ. ಅವುಗಳನ್ನು ಬೆನ್ನಟ್ಟಿ ಫಿಲ್ಟರ್ ಏರಿಸುವ ಬದಲು ಅರ್ಥಿಂಗ್ ಹಾಗೂ ಕೇಬಲ್ ಪರಿಶೀಲಿಸಬೇಕು. ಪ, ಬ, ಭ ಅಕ್ಷರಗಳ ಗಾಳಿಯ ಹೊಡೆತಕ್ಕೆ ಪಾಪ್ ಫಿಲ್ಟರ್ ಬೇಕು. ಒಂದೇ ದಿಕ್ಕಿನ ಧ್ವನಿ ಗ್ರಹಿಸುವ ಮೈಕ್‌ಗೆ ತೀರಾ ಹತ್ತಿರ ಹಾಡಿದರೆ ತಳದ ಧ್ವನಿ ಉಬ್ಬುವುದರಿಂದ, 15–20 ಸೆಂ.ಮೀ. ಅಂತರವಿರಲಿ.

ಮನೆಯ ಹಿರಿಯರ ಸಂಪ್ರದಾಯದ ಹಾಡುಗಳನ್ನು ಮುದ್ರಿಸುವವರು ಮೂಲ ಪ್ರತಿಯನ್ನು ಕತ್ತರಿಸದೆ ಕಾದಿರಿಸಿ, ನಕಲಿನ ಮೇಲಷ್ಟೇ ಫಿಲ್ಟರ್ ಪ್ರಯೋಗಿಸುವುದು ಒಳಿತು. ಆ ಧ್ವನಿಯನ್ನು ಮತ್ತೊಮ್ಮೆ ಮುದ್ರಿಸುವ ಅವಕಾಶ ಸಿಗದೆಯೂ ಹೋಗಬಹುದು.