ಮನೋವೈದ್ಯ ಕಲಿಯುವುದೆಲ್ಲಿ?

ಎಂಬಿಬಿಎಸ್ ಮುಗಿಸಿದ ತರುಣನೊಬ್ಬ 'ಮನೋವೈದ್ಯನಾಗುತ್ತೇನೆ' ಎಂದರೆ ಮನೆಯಲ್ಲಿ ಇಂದಿಗೂ ಒಂದು ಕ್ಷಣ ಮೌನ ಕವಿಯುವುದುಂಟು. ಹೃದಯ, ಮೂಳೆ, ಮಕ್ಕಳ ರೋಗ ಎಲ್ಲ ಬಿಟ್ಟು ಇದೇಕೆ ಎಂಬ ಪ್ರಶ್ನೆ ಹಿಂದೆಯೇ ಬರುತ್ತದೆ. ಅದನ್ನು ದಾಟಿದರೆ ಇನ್ನೊಂದು ಪ್ರಶ್ನೆ ಕಾದಿರುತ್ತದೆ. ಓದುವುದು ಎಲ್ಲಿ? ಬೆಂಗಳೂರಿನ ನಿಮ್ಹಾನ್ಸ್‌ನಲ್ಲೋ, ಚಂಡೀಗಢದಲ್ಲೋ, ರಾಂಚಿಯಲ್ಲೋ, ಅಥವಾ ಊರಿಗೆ ಹತ್ತಿರದ ವೈದ್ಯಕೀಯ ಕಾಲೇಜಿನಲ್ಲೋ?

ಮೇಲ್ನೋಟಕ್ಕೆ ಇದು ರ‍್ಯಾಂಕು, ಶುಲ್ಕ, ಹಾಸ್ಟೆಲಿನ ಮಾತು. ಆದರೆ ಈ ಆಯ್ಕೆಯ ಹಿಂದೆ ನೂರು ವರ್ಷದ ಚರಿತ್ರೆಯಿದೆ. ಶಸ್ತ್ರವೈದ್ಯನಿಗೆ ಕರುಳುಬೇನೆ ಯಾವ ಆಸ್ಪತ್ರೆಯಲ್ಲಿ ಕಲಿತರೂ ಕರುಳುಬೇನೆಯೇ. ಮನೋವೈದ್ಯನ ಸಂಗತಿ ಹಾಗಲ್ಲ. ಎತ್ತರದ ಗೋಡೆಯೊಳಗೆ ಕಲಿತವನು ಕಾಣುವ ರೋಗಿಯೇ ಬೇರೆ, ಜನರಲ್ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಕಲಿತವನು ಕಾಣುವ ರೋಗಿಯೇ ಬೇರೆ.

ಆಯ್ಕೆಯೇ ಇಲ್ಲದ ಕಾಲದಿಂದ ಆರಂಭಿಸೋಣ. 1918ರಲ್ಲಿ ರಾಂಚಿಯ ಬಳಿ ಕಾಂಕೆಯಲ್ಲಿ ಯೂರೋಪಿಯನ್ನರಿಗಾಗಿ ಒಂದು ಹುಚ್ಚಾಸ್ಪತ್ರೆ ಆರಂಭವಾಯಿತು. ಮರುವರ್ಷ ಅದರ ಮುಖ್ಯಸ್ಥನಾಗಿ ಬಂದ ಓವೆನ್ ಬರ್ಕ್‌ಲಿ-ಹಿಲ್ ಫ್ರಾಯ್ಡನ ಮನೋವಿಶ್ಲೇಷಣೆಯಲ್ಲಿ ಆಸಕ್ತನಾಗಿದ್ದ ಸೇನಾ ವೈದ್ಯ. ಆತನ ಕಾಲದಲ್ಲಿ, 1922ರಲ್ಲಿ, ಲಂಡನ್ ವಿಶ್ವವಿದ್ಯಾಲಯದ 'ಡಿಪ್ಲೊಮಾ ಇನ್ ಸೈಕಲಾಜಿಕಲ್ ಮೆಡಿಸಿನ್' ಪರೀಕ್ಷೆಗೆ ಈ ಆಸ್ಪತ್ರೆ ಮಾನ್ಯತೆ ಪಡೆಯಿತು. ಮುಂದೆ ಡಿಪಿಎಂ ಎಂಬ ಮೂರಕ್ಷರದಿಂದಲೇ ಖ್ಯಾತವಾದ ಡಿಪ್ಲೊಮಾ ಇದು.

1925ರಲ್ಲಿ ಪಟ್ನಾದ ಹುಚ್ಚಾಸ್ಪತ್ರೆಯನ್ನು ಅದೇ ಕಾಂಕೆಗೆ ತಂದು ಭಾರತೀಯರಿಗಾಗಿ ಪ್ರತ್ಯೇಕ ಆಸ್ಪತ್ರೆ ಮಾಡಿದರು. ಅದನ್ನು ನಡೆಸಿದವರು ಪಾರ್ಸಿ ವೈದ್ಯ ಧನ್‌ಜಿಭಾಯ್. ಒಂದೇ ಊರು, ಎರಡು ಆಸ್ಪತ್ರೆ. ಬುದ್ಧಿ ಕೆಟ್ಟ ಮೇಲೂ ಬಿಳಿಯ ಬಿಳಿಯನೇ, ಕರಿಯ ಕರಿಯನೇ! ಎರಡೂ ಇಂದಿಗೂ ಉಳಿದಿವೆ. ಯೂರೋಪಿಯನ್ನರದ್ದು ಕೇಂದ್ರ ಸರ್ಕಾರದ ಸೆಂಟ್ರಲ್ ಇನ್‌ಸ್ಟಿಟ್ಯೂಟ್ ಆಫ್ ಸೈಕಿಯಾಟ್ರಿ ಆಗಿದೆ, ಇನ್ನೊಂದು ರಾಜ್ಯದ 'ರಿನ್‌ಪಾಸ್' ಆಗಿದೆ. ಎರಡರಲ್ಲೂ ಮನೋವೈದ್ಯರು ತಯಾರಾಗುತ್ತಾರೆ.

ಮೈಸೂರು ಸಂಸ್ಥಾನದ್ದು ಬೇರೆಯೇ ಹಾದಿ. ಬೆಂಗಳೂರಿನಲ್ಲಿ 1840ರ ದಶಕದ ಕೊನೆಗೇ ಡಾ. ಚಾರ್ಲ್ಸ್ ಇರ್ವಿಂಗ್ ಸ್ಮಿತ್ ಅವರ ಮುತುವರ್ಜಿಯಿಂದ ಹುಚ್ಚಾಸ್ಪತ್ರೆ ಸ್ಥಾಪನೆಯಾಗಿತ್ತು. 1925ರಲ್ಲಿ ಮೈಸೂರು ಸರ್ಕಾರ ಅದರ ಹೆಸರನ್ನು 'ಮಾನಸಿಕ ಆಸ್ಪತ್ರೆ' ಎಂದು ಬದಲಾಯಿಸಿತು. ಹೆಸರು ಬದಲಾದರೆ ರೋಗಿಯ ಪಾಡು ಬದಲಾದೀತೇ ಎಂದು ಕೇಳಬಹುದು. ಇಲ್ಲಿ ಹೆಸರಿನ ಹಿಂದೆ ಕೆಲಸವೂ ನಡೆಯಿತು. ಇಂಗ್ಲೆಂಡಿನಲ್ಲಿ ತರಬೇತಿ ಪಡೆದಿದ್ದ ಡಾ. ಫ್ರಾಂಕ್ ನರೋನ್ಹಾ ಅವರ ಮೇಲ್ವಿಚಾರಣೆಯಲ್ಲಿ, ಸರ್ ಮಿರ್ಜಾ ಇಸ್ಮಾಯಿಲರ ದಿವಾನಗಿರಿಯ ಕಾಲದಲ್ಲಿ, ಊರ ಹೊರಗಿನ ವಿಶಾಲ ಜಾಗದಲ್ಲಿ ಹೊಸ ಕಟ್ಟಡಗಳೆದ್ದವು. ಇಂದು ಹೊಸೂರು ರಸ್ತೆಯಲ್ಲಿ ಬಸ್ಸಿನಿಂದ ಕಾಣುವ ನಿಮ್ಹಾನ್ಸ್ ಆವರಣದ ಮೂಲ ಅದೇ. ನರೋನ್ಹಾ ಅವರ ನಂತರ ಬಂದವರು ಡಾ. ಎಂ.ವಿ. ಗೋವಿಂದಸ್ವಾಮಿ. ಮನೋವಿಜ್ಞಾನ, ತತ್ತ್ವಶಾಸ್ತ್ರ ಎರಡರಲ್ಲೂ ಆಳವಾದ ಆಸಕ್ತಿ ಇದ್ದ ವೈದ್ಯ.

ನಲವತ್ತು ಸಾವಿರಕ್ಕೊಂದು ಹಾಸಿಗೆ

ಎರಡನೇ ಮಹಾಯುದ್ಧದ ನಡುವೆ, 1943ರಲ್ಲಿ, ದೇಶದ ಆರೋಗ್ಯ ಸ್ಥಿತಿಯನ್ನು ಪರಿಶೀಲಿಸಲು ಸರ್ಕಾರ ಸರ್ ಜೋಸೆಫ್ ಭೋರ್ ಸಮಿತಿಯನ್ನು ನೇಮಿಸಿತು. ಮಾನಸಿಕ ಆಸ್ಪತ್ರೆಗಳನ್ನು ನೋಡಿ ಬರುವ ಕೆಲಸ ರಾಂಚಿಯ ಕರ್ನಲ್ ಮೂರ್ ಟೇಲರ್ ಅವರ ಪಾಲಿಗೆ ಬಂತು. 1946ರಲ್ಲಿ ಬಂದ ವರದಿಯ ಅಂಕಿಗಳು ದಿಗ್ಭ್ರಮೆ ಹುಟ್ಟಿಸುವಂಥವು. ಸುಮಾರು 40 ಕೋಟಿ ಜನಕ್ಕೆ ಇದ್ದದ್ದು ಸುಮಾರು 10 ಸಾವಿರ ಹಾಸಿಗೆ. ಅಂದರೆ 40 ಸಾವಿರ ಜನಕ್ಕೆ ಒಂದು. ಇಂಗ್ಲೆಂಡಿನಲ್ಲಿ ಆಗ 300 ಜನಕ್ಕೆ ಒಂದು ಹಾಸಿಗೆ ಇತ್ತು. ಹೆಚ್ಚಿನ ಆಸ್ಪತ್ರೆಗಳು ರೋಗಿಯನ್ನು ಕೂಡಿಹಾಕುವ ಜಾಗಗಳೇ ಹೊರತು ವಾಸಿ ಮಾಡುವ ಜಾಗಗಳಲ್ಲ ಎಂಬುದೂ ಆ ಪರಿಶೀಲನೆಯಲ್ಲಿ ಹೊರಬಿತ್ತು.

ಹಾಸಿಗೆ ಹೆಚ್ಚಿಸಿದರೂ ನೋಡಿಕೊಳ್ಳುವವರು ಯಾರು? ಆದ್ದರಿಂದಲೇ ತರಬೇತಿ ಸಂಸ್ಥೆ ಬೇಕು ಎಂದು ಸಮಿತಿ ಹೇಳಿತು. ಅದರ ಫಲವಾಗಿ 1954ರ ಆಗಸ್ಟ್ 9ರಂದು ಬೆಂಗಳೂರಿನ ಮಾನಸಿಕ ಆಸ್ಪತ್ರೆಯ ಜೊತೆಯಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಉದ್ಘಾಟನೆಯಾಯಿತು. ಉದ್ಘಾಟಿಸಿದವರು ಕೇಂದ್ರ ಆರೋಗ್ಯ ಸಚಿವೆ ರಾಜಕುಮಾರಿ ಅಮೃತ್ ಕೌರ್. ಗೋವಿಂದಸ್ವಾಮಿಯವರೇ ಮೊದಲ ನಿರ್ದೇಶಕರು. ಮರುವರ್ಷ ವೈದ್ಯರಿಗೆ ಡಿಪಿಎಂ, ಮನಶ್ಶಾಸ್ತ್ರ ಓದಿದವರಿಗೆ ಇನ್ನೊಂದು ಡಿಪ್ಲೊಮಾ ಜೊತೆಜೊತೆಯಾಗಿ ಆರಂಭವಾದವು.

ಈ 'ಜೊತೆಜೊತೆಯಾಗಿ' ಎಂಬುದು ಸಣ್ಣ ಮಾತಲ್ಲ. ಔಷಧಿ ಬರೆಯುವ ವೈದ್ಯ ಮತ್ತು ಔಷಧಿ ಬರೆಯಲಾರದ ಮನಶ್ಶಾಸ್ತ್ರಜ್ಞ ಒಂದೇ ರೋಗಿಯ ಮುಂದೆ ಕೂತು ಕಲಿಯಬೇಕೆಂಬ ತೀರ್ಮಾನ ಅದರಲ್ಲಿತ್ತು. 1974ರ ಡಿಸೆಂಬರ್‌ನಲ್ಲಿ ಸಂಸ್ಥೆಯೂ ಆಸ್ಪತ್ರೆಯೂ ಒಂದಾಗಿ ನಿಮ್ಹಾನ್ಸ್ ಆದಾಗ ನರರೋಗ, ನರಶಸ್ತ್ರಚಿಕಿತ್ಸೆಯವರೂ ಅದೇ ಆವರಣದ ಸಮಾನ ಪಾಲುದಾರರಾದರು. ಹೊಸ ಸಂಸ್ಥೆಯ ಚುಕ್ಕಾಣಿ ಹಿಡಿದ ಡಾ. ಆರ್.ಎಂ. ವರ್ಮ ನರಶಸ್ತ್ರಚಿಕಿತ್ಸಕರು.

ಅದೇ ಹೊತ್ತಿಗೆ ಪಂಜಾಬಿನಲ್ಲಿ ಇನ್ನೊಂದು ಪಾಠ ನಡೆದಿತ್ತು. ಅಮೃತಸರದ ಮಾನಸಿಕ ಆಸ್ಪತ್ರೆಯ ಡಾ. ವಿದ್ಯಾಸಾಗರ್ 1950ರ ದಶಕದಲ್ಲಿ ಆಸ್ಪತ್ರೆಯ ಬಯಲಿನಲ್ಲಿ ಡೇರೆ ಹಾಕಿಸಿ ರೋಗಿಯ ಮನೆಯವರನ್ನು ಅಲ್ಲೇ ಇರಿಸಿಕೊಂಡರು. ತಾಯಿ, ಹೆಂಡತಿ, ಅಣ್ಣತಮ್ಮಂದಿರ ಕಣ್ಣೆದುರಿಗೇ ಚಿಕಿತ್ಸೆ. ವಾಸಿಯಾದವನನ್ನು ಮನೆಗೆ ಕರೆದೊಯ್ಯಲು ಹಿಂಜರಿಯುತ್ತಿದ್ದವರಿಗೆ ಅವನು ವಾಸಿಯಾಗುವುದು ದಿನದಿನವೂ ಕಾಣುತ್ತಿತ್ತು. ದುಬಾರಿ ಯಂತ್ರವಿಲ್ಲದೆ ಬರಿಯ ಡೇರೆಯಿಂದ ಇಷ್ಟು ಸಾಧಿಸಿದ ವೈದ್ಯರ ಹೆಸರು ನಮ್ಮ ಶಾಲೆಯ ಪಠ್ಯಗಳಲ್ಲಿ ಇರಬೇಕಿತ್ತು.

ಗೋಡೆ ಇಲ್ಲದ ಪಾಠಶಾಲೆ

ಜನರಲ್ ಆಸ್ಪತ್ರೆಯೊಳಗೆ ಮನೋವೈದ್ಯ ಕಾಲಿಟ್ಟದ್ದು 1933ರಲ್ಲಿ, ಕಲ್ಕತ್ತೆಯಲ್ಲಿ. ಇಂದಿನ ಆರ್.ಜಿ. ಕರ್ ಕಾಲೇಜಿನ ಆಸ್ಪತ್ರೆಯಲ್ಲಿ ಗಿರೀಂದ್ರಶೇಖರ ಬೋಸ್ ಹೊರರೋಗಿ ಚಿಕಿತ್ಸಾಲಯ ತೆರೆದರು. ಐದು ವರ್ಷದ ನಂತರ ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ ಅಂಥದೇ ಇನ್ನೊಂದು. ಆಮೇಲೆ ಬಹುಕಾಲ ವೇಗ ಕಾಣಲಿಲ್ಲ. ಕಾರಣ ಸರಳ. ಉನ್ಮಾದ ಕೆರಳಿದ ರೋಗಿಯನ್ನು ಸಾಮಾನ್ಯ ವಾರ್ಡಿನಲ್ಲಿ ಇಟ್ಟುಕೊಳ್ಳಲು ಬೇಕಾದ ಔಷಧಿ ಇರಲಿಲ್ಲ. ಸರ್ಪಗಂಧಿಯ ಬೇರು ಉನ್ಮಾದಕ್ಕೂ ರಕ್ತದೊತ್ತಡಕ್ಕೂ ಗುಣಕಾರಿ ಎಂದು ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕ್ ಬೋಸ್ 1931ರಲ್ಲೇ ಬರೆದಿದ್ದರು. ಜಗತ್ತು ಕಿವಿಗೊಟ್ಟದ್ದು ತಡವಾಗಿ. 1952ರಲ್ಲಿ ಪ್ಯಾರಿಸ್ಸಿನಲ್ಲಿ ಕ್ಲೋರ್‌ಪ್ರೊಮಜೀನ್ ಔಷಧಿಯನ್ನು ಮನೋರೋಗಿಗಳಿಗೆ ಕೊಟ್ಟು ನೋಡಿದ ಮೇಲೆ ಚಿತ್ರ ಬದಲಾಯಿತು.

1960ರ ದಶಕದ ಆರಂಭದಲ್ಲಿ ದೆಹಲಿಯ ಏಮ್ಸ್ ಮತ್ತು ಚಂಡೀಗಢದ ಪಿಜಿಐಗಳಲ್ಲಿ ಮನೋವೈದ್ಯ ವಿಭಾಗಗಳು ತೆರೆದವು. ಚಂಡೀಗಢದ ವಿಭಾಗ ಕಟ್ಟಿದವರು ಡಾ. ಎನ್.ಎನ್. ವಿಗ್. ಇಲ್ಲಿ ಬರುತ್ತಿದ್ದವರು ಸರಪಳಿ ಬಿಗಿಸಿಕೊಂಡು ಬಂದವರಲ್ಲ. ನಿದ್ದೆ ಬಾರದ ಗುಮಾಸ್ತ, ಕಾರಣವಿಲ್ಲದೆ ಮೈಕೈ ನೋವೆನ್ನುವ ಗೃಹಿಣಿ, ಧಾತು ಹೋಗಿ ಬಲ ಕುಂದಿತೆಂದು ಹೆದರಿದ ಹುಡುಗ. ಈ ಕೊನೆಯದಕ್ಕೆ 'ಧಾತ್ ಸಿಂಡ್ರೋಮ್' ಎಂದು ಹೆಸರಿಟ್ಟವರು ವಿಗ್ ಅವರೇ. ಪಶ್ಚಿಮದ ಪಠ್ಯಪುಸ್ತಕದಲ್ಲಿ ಇಲ್ಲದ ಸಂಕಟ ನಮ್ಮ ಹೊರರೋಗಿ ಸಾಲಿನಲ್ಲಿ ಇತ್ತು. ಹುಚ್ಚಾಸ್ಪತ್ರೆಯಲ್ಲಿ ಮಾತ್ರ ಕಲಿತವನಿಗೆ ಇಂಥವರು ರೋಗಿಗಳೆಂದೇ ಹೊಳೆಯುವುದು ಕಷ್ಟ. ಅತ್ತ ಜನರಲ್ ಆಸ್ಪತ್ರೆಯಲ್ಲಿ ಮಾತ್ರ ಕಲಿತವನಿಗೆ ಇಪ್ಪತ್ತು ವರ್ಷ ವಾರ್ಡಿನಲ್ಲೇ ಉಳಿದ, ಮನೆಯವರ ಸುಳಿವಿಲ್ಲದ ಮುದುಕಿಯನ್ನು ನೋಡುವ ಅವಕಾಶ ವಿರಳ. ಎರಡನ್ನೂ ನೋಡದವನ ಕಲಿಕೆ ಅರೆಬರೆ ಎಂದೇ ಹೇಳಬೇಕು.

ಮೂರನೇ ಪಾಠಶಾಲೆ ತೆರೆದದ್ದು ನಮ್ಮ ಕರಾವಳಿಯಲ್ಲಿ. ಮಣಿಪಾಲದ ಕಸ್ತೂರಬಾ ವೈದ್ಯಕೀಯ ಕಾಲೇಜಿನಲ್ಲಿದ್ದ ಡಾ. ಆರ್.ಎಲ್. ಕಪೂರ್, ಎಡಿನ್‌ಬರೋದ ಪ್ರಾಧ್ಯಾಪಕ ಮಾರಿಸ್ ಕಾರ್‌ಸ್ಟೇರ್ಸ್ ಅವರೊಡನೆ ಕೋಟದಲ್ಲಿ ಮನೆಮನೆ ಸಮೀಕ್ಷೆ ನಡೆಸಿದರು. ಹೌದು, ಶಿವರಾಮ ಕಾರಂತರ ಹುಟ್ಟೂರಾದ ಅದೇ ಕೋಟ. ಬ್ರಾಹ್ಮಣರು, ಬಂಟರು, ಮೊಗವೀರರ ಮನೆಗಳಲ್ಲಿ ಯಾರಿಗೆ ಯಾವ ಮನೋಕ್ಲೇಶ, ಅಳಿಯಕಟ್ಟು ಸಡಿಲವಾಗುತ್ತಿದ್ದ ಕಾಲದಲ್ಲಿ ಕುಟುಂಬದೊಳಗಿನ ಒತ್ತಡಗಳೇನು, ಕಷ್ಟ ಬಂದಾಗ ಜನ ಮೊದಲು ಹೋಗುವುದು ಪಂಡಿತರ ಬಳಿಗೋ, ಮಂತ್ರವಾದಿಯ ಬಳಿಗೋ, ದೈವ ಮೈದುಂಬುವ ಪಾತ್ರಿಯ ಬಳಿಗೋ ಎಂದು ವಿಚಾರಿಸಿದರು. ಇದರ ಪುಸ್ತಕ 1976ರಲ್ಲಿ 'ದಿ ಗ್ರೇಟ್ ಯೂನಿವರ್ಸ್ ಆಫ್ ಕೋಟ' ಎಂಬ ಹೆಸರಿನಲ್ಲಿ ಹೊರಬಂತು. ಆಸ್ಪತ್ರೆಯ ಮೆಟ್ಟಿಲನ್ನೇ ಹತ್ತದ ರೋಗಿಗಳು ಊರಿನಲ್ಲಿ ಎಷ್ಟಿದ್ದಾರೆಂದು ತೋರಿಸಿದ ಅಧ್ಯಯನಗಳಲ್ಲಿ ಇದಕ್ಕೆ ಹಿರಿಯ ಸ್ಥಾನವಿದೆ.

ಕಪೂರ್ ಮುಂದೆ ನಿಮ್ಹಾನ್ಸ್‌ಗೆ ಬಂದು ಸಮುದಾಯ ಮನೋವೈದ್ಯ ಘಟಕ ಕಟ್ಟಿದರು. 1970ರ ದಶಕದ ನಡುವೆ ಆನೇಕಲ್ ತಾಲ್ಲೂಕಿನ ಸಕಲವಾರದಲ್ಲೂ, ಚಂಡೀಗಢದವರಿಂದ ಹರಿಯಾಣದ ರಾಯ್‌ಪುರ ರಾಣಿಯಲ್ಲೂ ಒಂದೇ ಬಗೆಯ ಪ್ರಯೋಗ ನಡೆಯಿತು. ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ಅಪಸ್ಮಾರ, ಚಿತ್ತವಿಕಲತೆ, ಖಿನ್ನತೆಗಳನ್ನು ಗುರುತಿಸಲು ಕಲಿಸಿದರೆ ಸಾಕಾದೀತೇ ಎಂಬುದು ಪ್ರಶ್ನೆ. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. 1985ರಿಂದ ಇಡೀ ಬಳ್ಳಾರಿ ಜಿಲ್ಲೆಯಲ್ಲಿ ಅದನ್ನು ನಡೆಸಿ ನೋಡಲಾಯಿತು. ಬಳ್ಳಾರಿಯ ಮಾದರಿಯೇ 1996ರಲ್ಲಿ ದೇಶದ ಜಿಲ್ಲಾ ಕಾರ್ಯಕ್ರಮವಾಯಿತು.

ಇಷ್ಟೆಲ್ಲ ಆದ ಮೇಲೆ 2001ರ ಆಗಸ್ಟ್ 6ರ ಮುಂಜಾನೆ ತಮಿಳುನಾಡಿನ ಏರ್ವಾಡಿಯಲ್ಲಿ ಬೆಂಕಿ ಬಿತ್ತು. ದರ್ಗಾದ ಊರಿನಲ್ಲಿ ಖಾಸಗಿಯವರು ನಡೆಸುತ್ತಿದ್ದ ಗುಡಿಸಲಿನಲ್ಲಿ ಸರಪಳಿಯಿಂದ ಕಟ್ಟಿಹಾಕಿದ್ದ ಮನೋರೋಗಿಗಳು ತಪ್ಪಿಸಿಕೊಳ್ಳಲಾಗದೆ ಸುಟ್ಟುಹೋದರು. ಸತ್ತವರು 28 ಮಂದಿ. ಅವರ ಮನೆಯವರೆಲ್ಲ ಕಟುಕರಾಗಿದ್ದರೆ? ಹಾಗೆ ಹೇಳುವುದು ಸುಲಭ. ಹತ್ತಿರದ ಊರಿನಲ್ಲಿ ಮನೋವೈದ್ಯ ಇಲ್ಲದ ಮನೆಗೆ ದರ್ಗಾ, ದೇವಸ್ಥಾನಗಳೇ ಆಸ್ಪತ್ರೆ ಎಂಬುದನ್ನು ಕೋಟದ ಅಧ್ಯಯನ ಓದಿದವರು ಮರೆಯಲಾರರು.

ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆ (ಕರ್ನಾಟಕ ಆ 12ರಲ್ಲಿ ಇರಲಿಲ್ಲ) ವಯಸ್ಕರಲ್ಲಿ ನೂರಕ್ಕೆ ಹತ್ತಕ್ಕಿಂತ ತುಸು ಹೆಚ್ಚು ಮಂದಿಗೆ ಒಂದಲ್ಲ ಒಂದು ಮನೋರೋಗ ಇದೆಯೆಂದು ಕಂಡುಕೊಂಡಿತು. ರೋಗದ ಬಗೆಗೆ ತಕ್ಕಂತೆ ನೂರಕ್ಕೆ 70ರಿಂದ 92 ಮಂದಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. ಆ ರಾಜ್ಯಗಳಲ್ಲಿ ಲಕ್ಷ ಜನಕ್ಕೆ ಮನೋವೈದ್ಯರ ಸಂಖ್ಯೆ ಮಧ್ಯಪ್ರದೇಶದಲ್ಲಿ 0.05, ಕೇರಳದಲ್ಲಿ 1.2. ಒಂದೇ ದೇಶದೊಳಗೆ ಇಪ್ಪತ್ತನಾಲ್ಕು ಪಟ್ಟು ಅಂತರ!

ಹೀಗಿರುವಾಗ ಸೀಟು ಸಿಗುವುದು ಹೇಗೆ? 2021ರ ಜನವರಿ ತಂಡದಿಂದ ಏಮ್ಸ್‌ಗಳು, ಪಿಜಿಐ, ಜಿಪ್ಮರ್ ಮತ್ತು ನಿಮ್ಹಾನ್ಸ್‌ಗೆ ಒಂದೇ ಸಾಮಾನ್ಯ ಪ್ರವೇಶ ಪರೀಕ್ಷೆ. ಉಳಿದ ಕಾಲೇಜುಗಳಿಗೆ ನೀಟ್-ಪಿಜಿ. ಎರಡರಲ್ಲೂ ರ‍್ಯಾಂಕು ಬಂದ ಮೇಲೆ ಕಂಪ್ಯೂಟರಿನಲ್ಲಿ ಸಂಸ್ಥೆಗಳ ಹೆಸರನ್ನು ಒಂದರ ಕೆಳಗೊಂದು ತುಂಬಬೇಕು. ಎರಡು ವರ್ಷದ ಡಿಪಿಎಂ ಸೀಟುಗಳನ್ನೂ 2019ರಿಂದ ಎಂ.ಡಿ. ಸೀಟುಗಳಾಗಿ ಮಾರ್ಪಡಿಸಿಕೊಳ್ಳಲು ಅವಕಾಶವಾಗಿದೆ. ಎಂಬಿಬಿಎಸ್‌ನಲ್ಲಿ ಮನೋವೈದ್ಯಕ್ಕೆ ಪ್ರತ್ಯೇಕ ಪರೀಕ್ಷೆಯೇ ಇಲ್ಲದ್ದರಿಂದ, ಹೆಸರು ತುಂಬುವ ಹುಡುಗಹುಡುಗಿಯರಲ್ಲಿ ಅನೇಕರು ಆ ವಿಭಾಗದಲ್ಲಿ ಕಳೆದಿರುವುದು ಕೆಲವೇ ವಾರ. ಆಯ್ಕೆಗೆ ಆಧಾರ ಹಿರಿಯರ ಮಾತು, ಊರಿನ ದೂರ, ಸಂಸ್ಥೆಯ ಕೀರ್ತಿ.

ಕೀರ್ತಿಗಿಂತ ಮುಂಚೆ ಕೇಳಬೇಕಾದ ಕೆಲವು ಪ್ರಶ್ನೆಗಳನ್ನು ಈ ಚರಿತ್ರೆಯೇ ಮುಂದಿಡುತ್ತದೆ. ಅಲ್ಲಿ ದೀರ್ಘಕಾಲ ಉಳಿದ ರೋಗಿಗಳ ವಾರ್ಡು ಇದೆಯೇ? ಜನರಲ್ ಆಸ್ಪತ್ರೆಯ ರೋಗಿಗಳನ್ನು ನೋಡಲು ಕಳಿಸುತ್ತಾರೆಯೇ? ತಾಲ್ಲೂಕು ಕೇಂದ್ರದ ಶಿಬಿರಕ್ಕೆ ಕರೆದೊಯ್ಯುತ್ತಾರೆಯೇ? ಮನಶ್ಶಾಸ್ತ್ರಜ್ಞರು, ಸಮಾಜಕಾರ್ಯದವರು ಜೊತೆಗಿದ್ದಾರೆಯೇ? ಮುಂಬಯಿ ಪ್ರಾಂತ್ಯದ ಕಾಲದಿಂದ ಬಂದ ಧಾರವಾಡದ ಮಾನಸಿಕ ಆಸ್ಪತ್ರೆ ಇಂದು ಡಿಮ್ಹಾನ್ಸ್ ಆಗಿದೆ. ನಿಮ್ಹಾನ್ಸ್ ಸಿಗಲಿಲ್ಲವೆಂದು ಕೊರಗುವ ಅಭ್ಯರ್ಥಿ ಇಂಥ ಕಡೆಯೂ ಈ ಪ್ರಶ್ನೆಗಳನ್ನೇ ಕೇಳಿ ನೋಡಬಹುದು.

ಇನ್ನೊಂದು ಪ್ರಶ್ನೆ ಭಾಷೆಯದು. ಎಕ್ಸ್‌ರೇ ನೋಡಲು ಕನ್ನಡ ಬೇಕಿಲ್ಲ. ಮನೋವೈದ್ಯನಿಗೆ ರೋಗಿಯ ಮಾತೇ ಎಕ್ಸ್‌ರೇ. ಅಖಿಲ ಭಾರತ ಪರೀಕ್ಷೆ ಬರೆದು ಬಿಹಾರದಿಂದಲೋ ಬಂಗಾಳದಿಂದಲೋ ಬೆಂಗಳೂರಿಗೆ ಬರುವ ತರುಣ ವೈದ್ಯ ಇಲ್ಲಿನ ಮಾತನ್ನು ಕಲಿಯದೆ ಗತಿಯಿಲ್ಲ. ಕಲಿತ ಮೇಲೂ, ಮಂಡ್ಯದ ಕಡೆಯ ಹೆಂಗಸೊಬ್ಬಳು 'ಬೇಜಾರು ಸಾರ್' ಎಂದು ಸುಮ್ಮನಾದಾಗ, ಅದು ಗಂಡನ ಮೇಲಿನ ಸಿಟ್ಟೋ, ದಿನದ ದಣಿವೋ, ಆರು ತಿಂಗಳಿಂದ ಊಟ ನಿದ್ದೆ ಬಿಡಿಸಿರುವ ಖಿನ್ನತೆಯೋ ಎಂದು ತಿಳಿಯಲು ಅವನು ಇನ್ನಷ್ಟು ಹೊತ್ತು ಕೂರಬೇಕಾಗುತ್ತದೆ. ಹೊರಗಿನ ಬೆಂಚಿನಲ್ಲಿ ಆಗಲೇ ಇನ್ನೂ ನಲವತ್ತು ಮಂದಿ ಚೀಟಿ ಹಿಡಿದು ಕಾದಿರುತ್ತಾರೆ.