ಒಂದು ಕಿವಿಗೆ ಪೆಟ್ಟು, ಇನ್ನೊಂದಕ್ಕೆ ಕಾವಲು



ಮೇಷ್ಟ್ರು ಹೆಸರು ಹಿಡಿದು ಕರೆದಾಗ ಯಾವಾಗಲೂ ಒಂದೇ ಕಡೆಗೆ ಕತ್ತು ತಿರುಗಿಸಿ ಕೇಳುವ ಗೆಳೆಯನೊಬ್ಬ ನಿಮ್ಮ ತರಗತಿಯಲ್ಲಿಯೂ ಇರಬಹುದು. ಚಿಕ್ಕಂದಿನಲ್ಲಿ ಕಿವಿ ಸೋರಿ ಅವನ ಒಂದು ಕಿವಿ ಮಂದವಾಗಿದೆ ಎಂದುಕೊಳ್ಳಿ. ಹುಬ್ಬಳ್ಳಿಗೆ ಹೋಗಿ ಶಸ್ತ್ರಚಿಕಿತ್ಸೆ ಮಾಡಿಸಬೇಕೆಂಬ ಮಾತು ಬಂದ ಕೂಡಲೇ ಮನೆಯ ಹಿರಿಯರು, "ಬೇಡಪ್ಪಾ, ಈ ಕಿವಿ ಕೊಯ್ಯಿಸಿದರೆ ಆ ಕಿವಿಯೂ ಹೋದೀತು" ಎಂದು ತಡೆಯಬಹುದು. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡದಂಥ ಕಾಡುಸೀಮೆಯಲ್ಲಿ ದೊಡ್ಡ ಆಸ್ಪತ್ರೆ ಮನೆಯಿಂದ ದೂರ. ಭಯ ಮಾತ್ರ ಮನೆಯೊಳಗೇ ಇರುತ್ತದೆ. ಈ ಮಾತಿನಲ್ಲಿ ನಿಜವೆಷ್ಟು? ಉತ್ತರಕ್ಕಾಗಿ ವೈದ್ಯಶಾಸ್ತ್ರದ ಚರಿತ್ರೆಯ ಕೆಲವು ಪುಟಗಳನ್ನು ತಿರುವಿ ನೋಡೋಣ.

ಕಥೆ ಆರಂಭವಾಗುವುದು ಕಿವಿಯಿಂದಲ್ಲ, ಕಣ್ಣಿನಿಂದ. ಅಂಧರ ಲಿಪಿಯನ್ನು ರೂಪಿಸಿದ ಲೂಯಿ ಬ್ರೈಲ್ ಹುಟ್ಟಿದ್ದು 1809ರಲ್ಲಿ, ಫ್ರಾನ್ಸಿನ ಕೂಪ್‌ವ್ರೇ ಎಂಬ ಹಳ್ಳಿಯಲ್ಲಿ. ತಂದೆ ಕುದುರೆಯ ಜೀನು, ಲಗಾಮುಗಳನ್ನು ತಯಾರಿಸುತ್ತಿದ್ದರು. ಮೂರು ವರ್ಷದ ಬಾಲಕ ಲೂಯಿ ಚರ್ಮಕ್ಕೆ ತೂತು ಕೊರೆಯುವ ಮೊನೆಯುಳ್ಳ ಉಪಕರಣದೊಡನೆ ಆಡುತ್ತಿದ್ದಾಗ ಅದು ಜಾರಿ ಒಂದು ಕಣ್ಣಿಗೆ ಚುಚ್ಚಿತು. ಪೆಟ್ಟು ಬಿದ್ದದ್ದು ಒಂದು ಕಣ್ಣಿಗೆ. ಆದರೆ ಐದು ವರ್ಷ ತುಂಬುವ ಹೊತ್ತಿಗೆ ಅವನಿಗೆ ಎರಡೂ ಕಣ್ಣು ಕಾಣದಾದವು. ಒಂದು ಕಣ್ಣಿನ ಗಾಯದ ನಂತರ ಇನ್ನೊಂದರಲ್ಲಿಯೂ ಉರಿಯೂತ ಹುಟ್ಟುವ ಈ ರೋಗಕ್ಕೆ ಗ್ಲಾಸ್ಗೊ ನಗರದ ವೈದ್ಯ ವಿಲಿಯಂ ಮೆಕೆಂಝಿ 1840ರಲ್ಲಿ 'ಸಹಾನುಭೂತಿಯ ಉರಿಯೂತ' ಎಂಬರ್ಥದ ಹೆಸರನ್ನಿಟ್ಟರು. ಒಂದರ ನೋವಿಗೆ ಇನ್ನೊಂದು ಮರುಗಿತು ಎಂಬ ಭಾವ ಆ ಹೆಸರಿನಲ್ಲಿದೆ.

ಮರುಗುವುದು ಹೇಗೆ? 1910ರಲ್ಲಿ ಎಲ್ಶ್‌ನಿಗ್ ಎಂಬ ನೇತ್ರತಜ್ಞರು ಒಂದು ವಿವರಣೆ ಕೊಟ್ಟರು. ನಮ್ಮ ದೇಹದ ರಕ್ಷಣಾ ವ್ಯವಸ್ಥೆಗೆ ಕಣ್ಣಿನ ಒಳಗಿನ ಕೆಲವು ವಸ್ತುಗಳ ಪರಿಚಯವೇ ಇರುವುದಿಲ್ಲ. ಗಾಯವಾದಾಗ ಅವು ಹೊರಬೀಳುತ್ತವೆ. ದೇಹ ಅವುಗಳನ್ನು ಪರಕೀಯವೆಂದು ತಿಳಿದು ಹೋರಾಟಕ್ಕೆ ಇಳಿಯುತ್ತದೆ. ಅದೇ ವಸ್ತು ಇನ್ನೊಂದು ಕಣ್ಣಿನಲ್ಲಿಯೂ ಇರುವುದರಿಂದ ಅದರ ಮೇಲೂ ದಾಳಿ ನಡೆಯುತ್ತದೆ. ಮನೆಯ ಕಾವಲುಗಾರನೇ ಮನೆಯವರನ್ನು ಕಳ್ಳರೆಂದು ಹೊಡೆದಂತೆ!

ಇನ್ನು ಕಿವಿಗೆ ಬರೋಣ. ಕಿವಿಯ ಹಿಂದಿನ ಮೂಳೆಯಲ್ಲಿ ಕೀವು ತುಂಬಿದಾಗ ಅದನ್ನು ಕ್ರಮಬದ್ಧವಾಗಿ ಕೊರೆದು ತೆಗೆಯುವ ವಿಧಾನವನ್ನು ಜರ್ಮನಿಯ ಶ್ವಾರ್ಟ್‌ಸೆ 1873ರಲ್ಲಿ ಪ್ರಕಟಿಸಿದರು. 1950ರ ದಶಕದಲ್ಲಿ ಸೂಕ್ಷ್ಮದರ್ಶಕದ ನೆರವಿನಿಂದ ಹರಿದ ತಮಟೆಯನ್ನು ದುರಸ್ತಿ ಮಾಡುವ ಶಸ್ತ್ರಚಿಕಿತ್ಸೆ ಬಂತು. 1956ರಲ್ಲಿ ಅಮೆರಿಕದ ಜಾನ್ ಶೀ ಗಟ್ಟಿಯಾಗಿ ಕೂತ ರಿಕಾಪು ಮೂಳೆಯನ್ನು ತೆಗೆದು ಕೃತಕ ಮೂಳೆ ಇಟ್ಟರು. ಈ ವಿಧಾನಗಳಿಂದ ಅಸಂಖ್ಯಾತ ಮಂದಿಗೆ ಶ್ರವಣ ಮರಳಿತು.

ಆದರೆ ಎರಡೂ ಕಿವಿಗಳು ಒಟ್ಟಿಗೆ ಅಥವಾ ಒಂದಾದ ಮೇಲೊಂದು ಇದ್ದಕ್ಕಿದ್ದಂತೆ ಮಂದವಾದ ರೋಗಿಗಳೂ ಇದ್ದರು. ಇಂಥವರ ಬಗ್ಗೆ 1958ರಲ್ಲಿ ಬರೆದ ಜರ್ಮನಿಯ ಲೇನ್‌ಹಾರ್ಟ್, ಕಣ್ಣಿನಲ್ಲಿ ನಡೆಯುವುದೇ ಇಲ್ಲಿಯೂ ನಡೆಯುತ್ತಿರಬಹುದೆಂದು ಊಹಿಸಿದರು. ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುರುಳಿ ಸುತ್ತಿದ ಕಾಕ್ಲಿಯಾ ಇದೆಯಲ್ಲವೇ? ಒಂದು ಕಡೆಯ ಕಾಕ್ಲಿಯಾ ಹಾಳಾದಾಗ ಹುಟ್ಟುವ ಪ್ರತಿಕಾಯಗಳು ಇನ್ನೊಂದು ಕಡೆಯದನ್ನೂ ಕೆಡಿಸಬಹುದು ಎಂಬುದು ಅವರ ವಾದ. 1979ರಲ್ಲಿ ಅಮೆರಿಕದ ಮೆಕೇಬ್ 18 ರೋಗಿಗಳ ವಿವರ ಪ್ರಕಟಿಸಿ, ರಕ್ಷಣಾ ವ್ಯವಸ್ಥೆಯ ಆರ್ಭಟವನ್ನು ತಗ್ಗಿಸುವ ಸ್ಟೀರಾಯ್ಡ್ ಮುಂತಾದ ಔಷಧಿಗಳಿಂದ ಇಂಥ ಕಿವುಡು ಸುಧಾರಿಸಬಲ್ಲುದೆಂದು ತೋರಿಸಿದರು. ನರದ ಕಿವುಡಿಗೆ ಮದ್ದೇ ಇಲ್ಲವೆಂದು ಕೈಚೆಲ್ಲುತ್ತಿದ್ದ ಕಾಲದಲ್ಲಿ ಇದು ದೊಡ್ಡ ಭರವಸೆ.

ಹಾಗಾದರೆ ಹಿರಿಯರ ಮಾತು ನಿಜವೇ? ಅವಸರ ಬೇಡ. ಈ 'ಮರುಗುವ ಕಿವಿ' ತೀರಾ ಅಪರೂಪ. ಇನ್ನೊಂದು ಕಿವಿ ಮಂದವಾಗಲು ಬೇರೆ ಕಾರಣಗಳೂ ಉಂಟು. ಕಿವಿ ಸೋರುವಿಕೆ ಎರಡೂ ಕಡೆ ಇರಬಹುದು. ರಿಕಾಪು ಮೂಳೆ ಗಟ್ಟಿಯಾಗುವ ರೋಗವಂತೂ ಬಹುಪಾಲು ಜನರಲ್ಲಿ ಎರಡೂ ಕಿವಿಗೆ ಬರುತ್ತದೆ. ಮೂಳೆ ಕೊರೆಯುವ ಯಂತ್ರದ ಸದ್ದೂ ಒಂದು ಕಾರಣ. ನಿಮ್ಮ ಪ್ರಯೋಗಾಲಯದ ಶ್ರುತಿಕವೆಯನ್ನು ಮಿಡಿದು ಬಲಗಿವಿಯ ಹಿಂದಿನ ಮೂಳೆಗೆ ಒತ್ತಿ ಹಿಡಿಯಿರಿ. ಆ ಕಂಪನ ತಲೆಬುರುಡೆಯ ಮೂಲಕ ಹಾಯ್ದು ಎಡಗಿವಿಯ ಕಾಕ್ಲಿಯಾವನ್ನೂ ಮುಟ್ಟುತ್ತದೆ. ಯಂತ್ರದ ಸದ್ದು ದಾಟುವುದೂ ಹೀಗೆಯೇ. ಅದರಿಂದಾಗುವ ಮಂದತೆ ಸಾಮಾನ್ಯವಾಗಿ ತಾತ್ಕಾಲಿಕ.

ಇನ್ನೊಂದು ಮಾತು ಮುಖ್ಯ. ಸೋರುವ ಕಿವಿಯನ್ನು ಹಾಗೆಯೇ ಬಿಟ್ಟರೆ, ಅದರಲ್ಲಿಯೂ ಮೂಳೆಯನ್ನು ತಿನ್ನುವ ಬಗೆಯ ರೋಗವಾಗಿದ್ದರೆ, ಕೀವು ಮಿದುಳಿನವರೆಗೂ ಹೋಗಿ ಜೀವಕ್ಕೇ ಅಪಾಯವಾದೀತು. ಅಪರೂಪದ ಭಯಕ್ಕಾಗಿ ಕಣ್ಣೆದುರಿನ ಅಪಾಯವನ್ನು ಸಾಕಿಕೊಳ್ಳುವುದು ಜಾಣತನವಲ್ಲ.

ಹಾಗಾದರೆ ನಾವು ಮಾಡಬೇಕಾದುದೇನು? ಶಸ್ತ್ರಚಿಕಿತ್ಸೆಗೆ ಮೊದಲು ಎರಡೂ ಕಿವಿಗಳ ಶ್ರವಣ ಪರೀಕ್ಷೆ ಮಾಡಿಸಿ, ಚೀಟಿಯನ್ನು ಜೋಪಾನವಾಗಿಡಿ. ಶಸ್ತ್ರಚಿಕಿತ್ಸೆಯಾದ ಮೇಲೆ ಅಥವಾ ಕಿವಿಗೆ ಪೆಟ್ಟಾದ ಮೇಲೆ, ತಿಂಗಳುಗಳೇ ಕಳೆದಿದ್ದರೂ ಸರಿ, ಚೆನ್ನಾಗಿದ್ದ ಕಿವಿ ಮಂದವಾದರೆ, ಗುಂಯ್‌ಗುಟ್ಟಿದರೆ, ತಲೆ ಸುತ್ತಿದರೆ ಎಣ್ಣೆ ಬಿಟ್ಟು ಕಾಯುತ್ತ ಕೂಡಬೇಡಿ. ಒಳಗಿವಿಯ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಚಿಕಿತ್ಸೆಗೆ ಮೊದಲ ಕೆಲವು ದಿನಗಳೇ ಅಮೂಲ್ಯ. ಹುಬ್ಬಳ್ಳಿಯಲ್ಲಿ 1957ರಲ್ಲಿ ಆರಂಭವಾದ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಮೈಸೂರಿನಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ.

ಒಂದೇ ಕಿವಿಯ ಆಸರೆಯಿರುವವರು ಅದನ್ನು ಸದ್ದಿನಿಂದಲೂ ಕಾಯಬೇಕು. ದಾಂಡೇಲಿ ಕಾಗದ ಕಾರ್ಖಾನೆಯ ಊರು. ಹಳಿಯಾಳದಲ್ಲಿ ಸಕ್ಕರೆ ಕಾರ್ಖಾನೆಯಿದೆ. ನಾಳೆ ನಿಮ್ಮಲ್ಲಿ ಕೆಲವರು ಇಂಥ ಯಂತ್ರಗಳ ಮಗ್ಗುಲಲ್ಲಿ ನಿಂತು ದುಡಿಯುವಿರಿ. ಆಗ ಕಿವಿರಕ್ಷಕ ಧರಿಸಲು ನಾಚಬೇಡಿ. ಕೆಲವು ಚುಚ್ಚುಮದ್ದುಗಳು ಒಳಗಿವಿಗೆ ಹಾನಿ ಮಾಡುವುದರಿಂದ, ಯಾವ ವೈದ್ಯರ ಬಳಿ ಹೋದರೂ ನಿಮಗಿರುವುದು ಒಂದೇ ಒಳ್ಳೆಯ ಕಿವಿ ಎಂಬುದನ್ನು ಮೊದಲೇ ತಿಳಿಸಿ.

ಬಾಲಕ ಲೂಯಿಯ ಕಾಲದಲ್ಲಿ ಎರಡನೆಯ ಕಣ್ಣು ಏಕೆ ಹೋಯಿತೆಂದು ಹೇಳಬಲ್ಲವರಿರಲಿಲ್ಲ. ಇಂದು ಕಾರಣ ಬಹುಮಟ್ಟಿಗೆ ತಿಳಿದಿದೆ, ಔಷಧಿಯೂ ಇದೆ. ಕತ್ತು ತಿರುಗಿಸಿ ಕೇಳುವ ನಿಮ್ಮ ಗೆಳೆಯನ ಮನೆಯವರಿಗೆ ಈ ಸಂಗತಿ ತಿಳಿಸುವ ಕೆಲಸ ನಿಮ್ಮದಾಗಲಿ.