ಮಡಕೆಯಿಂದ ಪೆಟ್ಟಿಗೆಗೆ: ತುಡುವೆ ಜೇನಿನ ದಾರಿ

ಕೊಡಗು, ಮಲೆನಾಡು, ದಕ್ಷಿಣ ಕನ್ನಡದ ಮನೆಯಂಗಳಗಳಲ್ಲಿ ತಲೆಮಾರುಗಳಿಂದ ಸಾಕುತ್ತ ಬಂದಿರುವುದು ತುಡುವೆ ಜೇನು. ಹೆಜ್ಜೇನು, ಕೋಲುಜೇನುಗಳು ಬಯಲಲ್ಲಿ ಒಂದೇ ಎರಿ ಕಟ್ಟುತ್ತವೆ. ತುಡುವೆಯಾದರೋ ಮರದ ಪೊಟರೆ, ಹುತ್ತ, ಕಲ್ಲುಸಂದಿಗಳ ಕತ್ತಲಲ್ಲಿ ಹಲವು ಎರಿಗಳನ್ನು ಸಾಲಾಗಿ ಇಳಿಬಿಡುತ್ತದೆ. ಕತ್ತಲೆಯ ಗೂಡನ್ನು ಒಪ್ಪುವ ಈ ಗುಣವೇ ಅದನ್ನು ಮನೆಯ ಬಳಿಗೆ ತಂದಿತು.

ಮೊದಲು ಇದ್ದದ್ದು ಮಡಕೆ. ಒಳಗೆ ಮೇಣ ಸವರಿ, ಸಣ್ಣ ಬಾಗಿಲು ಬಿಟ್ಟು ಇಟ್ಟರೆ ಪಾಲಾಗಿ ಹಾರಿದ ಹಿಂಡು ತಾನೇ ಬಂದು ಸೇರುತ್ತಿತ್ತು. ಕಷ್ಟವಿದ್ದದ್ದು ತುಪ್ಪ ತೆಗೆಯುವಾಗ. ಹೊಗೆ ಹಾಕಿ ಎರಿ ಕಿತ್ತು ಹಿಂಡಿದರೆ ಮರಿಹುಳುಗಳೂ ತುಪ್ಪದೊಡನೆ ನಲುಗುತ್ತಿದ್ದವು. ಗೂಡು ಹಾಳಾದ ಕುಟುಂಬ ಊರು ಬಿಡುತ್ತಿತ್ತು. ಒಂದು ಬೋಗುಣಿ ತುಪ್ಪಕ್ಕೆ ಒಂದು ಸಂಸಾರವನ್ನೇ ತೆರಬೇಕಿತ್ತು.

ಇದಕ್ಕೆ ಪರಿಹಾರ ಹೊಳೆದದ್ದು ಅಮೆರಿಕದಲ್ಲಿ. ಎರಿಗಳ ಸುತ್ತ ಒಂದು ಸೆಂಟಿಮೀಟರಿಗೂ ಕಿರಿದಾದ ಸಂದು ಬಿಟ್ಟರೆ ಜೇನುಹುಳುಗಳು ಅದನ್ನು ಮುಚ್ಚದೆ ಓಡಾಟದ ದಾರಿಯಾಗಿ ಉಳಿಸಿಕೊಳ್ಳುತ್ತವೆ ಎಂಬುದನ್ನು ಪಾದ್ರಿ ಲ್ಯಾಂಗ್‌ಸ್ಟ್ರಾತ್ 1851ರಲ್ಲಿ ಬಳಕೆಗೆ ತಂದರು. ಎರಿಯನ್ನು ಚೌಕಟ್ಟಿನ ಸಮೇತ ಎತ್ತಿ ಮತ್ತೆ ಇಡುವುದು ಇದರಿಂದ ಸಾಧ್ಯವಾಯಿತು. 1865ರಲ್ಲಿ ಎರಿ ಮುರಿಯದೆ ತಿರುಗಿಸಿಯೇ ತುಪ್ಪ ಚೆಲ್ಲಿಸುವ ಯಂತ್ರವೂ ಬಂತು. ಆದರೆ ಲ್ಯಾಂಗ್‌ಸ್ಟ್ರಾತ್ ಪೆಟ್ಟಿಗೆ ಯುರೋಪಿನ ಜೇನಿನ ದೊಡ್ಡ ಕುಟುಂಬಗಳ ಅಳತೆಯದು. ತುಡುವೆಗೆ ಅದು ವಿಶಾಲವಾಯಿತು. ತಿರುಚಿರಾಪಳ್ಳಿಯ ಜೆಸ್ಯುಯಿಟ್ ಪಾದ್ರಿ ನ್ಯೂಟನ್ 1910ರ ದಶಕದಲ್ಲಿ ಚಿಕ್ಕ ಪೆಟ್ಟಿಗೆ ರೂಪಿಸಿ ಹಳ್ಳಿಗರಿಗೆ ತರಬೇತಿ ಕೊಟ್ಟರು. ದಕ್ಷಿಣ ಭಾರತದ ಜೇನು ಕೃಷಿ ನಿಂತದ್ದೇ ಆ ಪೆಟ್ಟಿಗೆಯ ಮೇಲೆ. ಅವರ ಹೆಸರು ಅದಕ್ಕೆ ಇಂದಿಗೂ ಉಳಿದಿದೆ.

ವಿರಾಜಪೇಟೆಯಲ್ಲಿ 1936ರಲ್ಲಿ ಜೇನು ಮತ್ತು ಮೇಣ ಉತ್ಪಾದಕರ ಸಹಕಾರ ಸಂಘ ಹುಟ್ಟಿತು. ಸ್ವಾತಂತ್ರ್ಯಾನಂತರ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ ಜೇನನ್ನು ಗ್ರಾಮೋದ್ಯೋಗವಾಗಿ ಬೆಳೆಸಿತು. ಲೆಕ್ಕಕ್ಕೆ ಸಿಕ್ಕಿದ್ದು ತುಪ್ಪ ಮಾತ್ರ; ತೋಟಕ್ಕೆ ಸಿಕ್ಕಿದ ಲಾಭ ಅದಕ್ಕಿಂತ ದೊಡ್ಡದು. ರೊಬಸ್ಟಾ ಕಾಫಿಗೆ ಬೇರೆ ಗಿಡದ ಪರಾಗವೇ ಬೇಕು. ಏಲಕ್ಕಿ ಹೂವಿನ ಆಯುಸ್ಸು ಒಂದೇ ದಿನ, ಅದರ ಅಂಟು ಪರಾಗ ಗಾಳಿಗೆ ಹಾರದು. ಹುಳು ಬಾರದಿದ್ದರೆ ಕಾಯಿಯಿಲ್ಲ.

1991–92ರಲ್ಲಿ ಈ ಬದುಕಿಗೆ ಸಿಡಿಲು ಬಡಿಯಿತು. ಥಾಯ್ ಸ್ಯಾಕ್‌ಬ್ರೂಡ್ ವೈರಸ್ ತಗುಲಿದ ಮರಿಗಳು ಕೋಶಾವಸ್ಥೆ ತಲುಪದೆ, ನೀರು ತುಂಬಿದ ಚೀಲದಂತಾಗಿ ಸತ್ತವು. ತಲೆಮಾರುಗಳಿಂದ ಜೇನು ಸಾಕಿದ ಮನೆಗಳಲ್ಲೂ ಪೆಟ್ಟಿಗೆಗಳು ಖಾಲಿಯಾದವು. ಮದ್ದಿರಲಿಲ್ಲ. ರೋಗ ತಾಳಿಕೊಂಡ ಕೆಲವೇ ಕುಟುಂಬಗಳನ್ನೂ ಕಾಡಿನಲ್ಲಿ ಉಳಿದ ಹಿಂಡುಗಳನ್ನೂ ಪಾಲು ಮಾಡಿ ಮಾಡಿ, ವರ್ಷಗಳ ತಾಳ್ಮೆಯಿಂದ ಕೃಷಿಕರು ತುಡುವೆಯನ್ನು ಮರಳಿ ಕಟ್ಟಿದರು. ಹೊಸ ಹಿಂಡು ಹಿಡಿಯಲು ಅವರು ಇಂದಿಗೂ ಮರದ ಬುಡದಲ್ಲಿಯೋ ತೋಟದ ಅಂಚಿನಲ್ಲಿಯೋ ಇಡುವುದು ಮೇಣ ಸವರಿದ ಮಡಕೆಯನ್ನೇ. ಹಿಂಡು ನೆಲೆಯಾದ ಮೇಲೆ ಅದರ ಎರಿಗಳನ್ನು ಚೌಕಟ್ಟಿಗೆ ಕಟ್ಟಿ ಪೆಟ್ಟಿಗೆಗೆ ಸೇರಿಸುತ್ತಾರೆ.